ಹರಳಮಡುವಿನ ಕುಬಸ

ಮೇಲವಂಕಿಯ ಮುದಕವ್ವನಿಗೆ ಆ ಹೆಸರು ಬಿದ್ದದ್ದು ತೊಟ್ಟಿಲಲ್ಲಿ. ಅಜ್ಜಿ ತೀರಿಕೊಂಡ ವರ್ಷವೇ ಹುಟ್ಟಿದ ಕೂಸು, ಅಜ್ಜಿಯ ಹೆಸರನ್ನೇ ಹೊತ್ತುಕೊಂಡಿತು. ಹದಿನೆಂಟಕ್ಕೆ ಕೌಜಲಗಿಯಿಂದ ಕೆಂಚಪ್ಪನ ಮನೆಗೆ ಸೊಸೆಯಾಗಿ ಬಂದಾಗ, ಹೆಸರು ಕೇಳಿದ ಓಣಿಯ ಹೆಂಗಸರೆಲ್ಲ ಒಬ್ಬರ ಹಿಂದೊಬ್ಬರು ಬಂದು ಹಣಿಕಿ ನೋಡಿದ್ದರಂತೆ. ಈಗ ಅವಳಿಗೆ ಐವತ್ತೆಂಟು. "ಇಷ್ಟ ದಿನಾ ಹೆಸರ ಮುಂದ ಓಡತಿತ್ತು, ನಾ ಹಿಂದ ಇದ್ದೆ. ಈಗ ಇಬ್ಬರೂ ಜೋಡಿ ಆಗೀವಿ," ಎಂದು ಹೇಳಿ ಅವಳೇ ಮೊದಲು ನಗುತ್ತಾಳೆ. ಆ ನಗು ಶುರುವಾದರೆ ಸುಲಭಕ್ಕೆ ನಿಲ್ಲುವುದಿಲ್ಲ. ಮೊದಲು ಹೊಟ್ಟೆ ಕುಣಿಯುತ್ತದೆ, ಆಮೇಲೆ ಹೆಗಲು, ಕೊನೆಗೆ ಕಣ್ಣಲ್ಲಿ ನೀರು. ಕಬ್ಬಿನ ಹೊಲದಲ್ಲಿ ಕಳೆ ತೆಗೆಯುವಾಗ ಅವಳ ಪಕ್ಕ ಕೂತವರು ನಕ್ಕು ನಕ್ಕು ಸಂಜೆಗೆ ಎರಡು ಸಾಲು ಹಿಂದೆ ಉಳಿಯುತ್ತಾರೆಂದು ಹೊಲದವರು ಗೊಣಗುತ್ತಾರೆ. ಆದರೂ ಮರುದಿನ ಅವಳನ್ನೇ ಮೊದಲು ಕರೆಯುತ್ತಾರೆ.

ಇಂಥ ಮುದಕವ್ವನಿಗೆ ಮಕ್ಕಳಾಗಲಿಲ್ಲ. ಆಗಲಿಲ್ಲ ಎಂದರೆ ಆಗಲಿಲ್ಲ, ಅದಕ್ಕೆ ಉದ್ದ ಕಥೆಯಿಲ್ಲ. ಕೆಂಚಪ್ಪ ಒಳ್ಳೆಯ ಮನುಷ್ಯ. ಇನ್ನೊಂದು ಮದುವೆಯ ಮಾತು ತೆಗೆದ ಹಿರಿಯರಿಗೆ, "ಒಬ್ಬಾಕಿ ನಗೂದ ತಡಕೊಳ್ಳಾಕ ಆಗವಲ್ದು, ಇನ್ನೊಬ್ಬಾಕಿನ್ನ ತಂದು ಎಲ್ಲಿ ಇಡ್ಲಿ," ಎಂದು ಬಾಯಿ ಮುಚ್ಚಿಸಿದ. ಊರಿನ ಪದ್ಧತಿಯ ಬಾಯಿ ಮುಚ್ಚಿಸುವುದು ಮಾತ್ರ ಅವನಿಂದ ಆಗಲಿಲ್ಲ.

ಬಸುರಿಗೆ ಏಳನೇ ತಿಂಗಳಲ್ಲಿ ಕುಬಸ ಮಾಡುತ್ತಾರಲ್ಲ. ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಐದು ಮಂದಿ ಮುತ್ತೈದೆಯರು ಅವಳ ಉಡಿಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ ತುಂಬಿ ಆರತಿ ಬೆಳಗುತ್ತಾರೆ. ಮೇಲವಂಕಿಯಲ್ಲಿ ಯಾರ ಮನೆಯಲ್ಲಿ ಕುಬಸವಾದರೂ ಹೋಳಿಗೆ ಲಟ್ಟಿಸಲು ಮುದಕವ್ವ ಬೇಕೇ ಬೇಕು. ಆದರೆ ಒಳಗೆ ಉಡಿ ತುಂಬುವ ಹೊತ್ತಿಗೆ ಸರಿಯಾಗಿ ಯಾರಾದರೂ ಒಬ್ಬರು, ಬಹಳ ಮೆತ್ತಗೆ, "ಮುದಕವ್ವಾ, ಒಲಿ ಮ್ಯಾಲ ಹಾಲ ಐತಿ, ಒಂಚೂರ ನೋಡವಾ," ಅನ್ನುತ್ತಿದ್ದರು. ಮಕ್ಕಳಿಲ್ಲದವಳ ಕೈ ಬಸುರಿಯ ಉಡಿಗೆ ಸೋಕಬಾರದು ಎಂದು ಬಾಯಿಬಿಟ್ಟು ಯಾರೂ ಅಂದವರಲ್ಲ. ಹಾಲು ನೋಡು ಅಂದರೆ ಸಾಕಿತ್ತು. ನಲವತ್ತು ವರ್ಷದಲ್ಲಿ ಅವಳು ಎಷ್ಟು ಮನೆಗಳ ಹಾಲು ನೋಡಿದ್ದಾಳೋ ಲೆಕ್ಕವಿಲ್ಲ. ಉರಿಯೇ ಹಚ್ಚದ ಒಲೆಯ ಮೇಲಿನ ಹಾಲನ್ನೂ ನೋಡಿದ್ದಾಳೆ.

ಮದುವೆಯಾದ ನಾಲ್ಕನೇ ವರ್ಷ, ಕಾರಹುಣ್ಣಿಮೆ ಆಗಿ ವಾರವಾಗಿತ್ತು. ಪಕ್ಕದ ಮನೆಯ ಕುಬಸದಲ್ಲಿ ಹೀಗೇ ಹಾಲು ನೋಡಲು ಕಳಿಸಿದಾಗ ಮುದಕವ್ವ ಹಾಲನ್ನು ಬೆಕ್ಕಿನ ಪಾಲಿಗೆ ಬಿಟ್ಟು, ಗೋಧಿ, ಬೆಲ್ಲ ಕಲೆಸಿದ ಮಾದಲಿ ಒಂದು ಬಟ್ಟಲು ಸೆರಗಿಗೆ ಸುರಿದುಕೊಂಡು ಹೊಳೆಗೆ ನಡೆದಳು. ಊರ ಕೆಳಗೆ ಘಟಪ್ರಭೆ ಬಾಗಿ ತಿರುಗುವಲ್ಲಿ ಹರಳಮಡು ಎಂಬ ಜಾಗವಿದೆ. ಅಂಚಿನಲ್ಲಿ ಮೊಣಕಾಲುದ್ದ ನೀರು, ತಳದ ತುಂಬ ನುಣ್ಣನೆಯ ಹರಳು. ಅಲ್ಲಿ ಕೂತು ಅತ್ತಳು. ಅಳುವುದಕ್ಕೇ ಹೋದವಳು, ಮುಚ್ಚಿಡುವುದೇನು. ಅಳು ಮುಗಿದು ಕಣ್ಣೊರೆಸಿಕೊಂಡು ನೋಡಿದರೆ ಕಾಲ ಬಳಿ ಗೆಂಡೆ ಮೀನುಗಳು. ಒಂದೆರಡಲ್ಲ, ನೂರಾರು. ಪ್ರತಿಯೊಂದರ ಹೊಟ್ಟೆಯೂ ಊದಿಕೊಂಡು, ತುಂಬಿದ ಬಸುರಿಯರ ಹಾಗೆ ಅತ್ತಿತ್ತ ತೂಗಾಡುತ್ತ, ಹರಳಿನ ಸಂದಿಯಲ್ಲಿ ತತ್ತಿ ಇಡಲು ಜಾಗ ಹುಡುಕುತ್ತಿದ್ದವು. "ಯವ್ವಾ, ನಿಮಗ ಯಾರ ಕುಬಸಾ ಮಾಡ್ಯಾರ," ಎಂದು ಕೇಳಿ ಸೆರಗಿನ ಮಾದಲಿಯನ್ನೆಲ್ಲ ನೀರಿಗೆ ಚೆಲ್ಲಿದಳು. ಇಲ್ಲಿ ಹಾಲು ನೋಡು ಎನ್ನುವವರು ಯಾರೂ ಇರಲಿಲ್ಲ.

ಅಂದಿನಿಂದ ಮೂವತ್ತಾರು ವರ್ಷ ತಪ್ಪಿಲ್ಲ. ಮುಂಗಾರಿನ ಮೊದಲ ಕೆಂಪು ನೀರು ಬಂದ ಮೂರನೇ ದಿನ, ಹೊತ್ತು ಇಳಿಯುವಾಗ, ಗೆಂಡೆಗಳು ಕೆಳಗಿನಿಂದ ಏರಿ ಬರುತ್ತವೆ. ಮುದಕವ್ವ ಹಸಿರು ರವಿಕೆ ಖಣವೊಂದನ್ನು ದಂಡೆಯ ಕಲ್ಲಿಗೆ ಹೊದಿಸಿ, ಐದು ಹಿಡಿ ಅಕ್ಕಿ, ಐದು ಹಿಡಿ ಮಾದಲಿ ಹಾಕಿ, ತನಗೆ ಬಂದ ಎರಡೇ ಎರಡು ಸೋಬಾನದ ಹಾಡು ಹಾಡಿ ಮನೆಗೆ ಬರುತ್ತಾಳೆ. ಊರಿಗೆ ಗೊತ್ತಿಲ್ಲ. ಕೆಂಚಪ್ಪನಿಗೆ ಗೊತ್ತು. "ಹಿಡಿಯೂದಿಲ್ಲ, ತಿನ್ನೂದಿಲ್ಲ, ಬೀಗರಿಗೆ ಮಾಡಿದಂಗ ಉಪಚಾರ," ಎಂದು ಅವನು ರೇಗಿಸುತ್ತಾನೆ, ಆದರೆ ಆ ದಿನ ಬೆಲ್ಲ ಜಜ್ಜಿಕೊಡುವವನೂ ಅವನೇ.

ಹೀಗಿರುವಾಗ ಹರಳಮಡುವಿನ ಕೆಳಗೇ ಹೊಸ ಸೇತುವೆಯ ಕೆಲಸ ಶುರುವಾಯಿತು. ಸೇತುವೆ ಬೇಡ ಎನ್ನಲು ಮುದಕವ್ವನಿಗೇನು ಹುಚ್ಚು ಹಿಡಿದಿರಲಿಲ್ಲ. ಹಳೆಯ ತಗ್ಗು ಸೇತುವೆ ಮಳೆಗಾಲದಲ್ಲಿ ಮುಳುಗಿ, ಹೆರಿಗೆ ನೋವಿನವರನ್ನು ಟ್ರ್ಯಾಕ್ಟರಿನಲ್ಲಿ ಹದಿನೆಂಟು ಕಿಲೋಮೀಟರ್ ಸುತ್ತಿಸಿ ಒಯ್ದದ್ದನ್ನು ಅವಳು ಕಣ್ಣಾರೆ ಕಂಡವಳು. ಆದರೆ ಒಂದು ಮಧ್ಯಾಹ್ನ ಕೌದಿ ಒಗೆಯಲು ಹೋದಾಗ, ಕೆಲಸದವರು ಮೇಲಿನ ದಂಡೆಯಲ್ಲಿ ಕಾಂಕ್ರೀಟು ಕಲೆಸುವ ಯಂತ್ರವನ್ನು ತೊಳೆದ ಬೂದಿ ಬಣ್ಣದ ನೀರು ನೇರವಾಗಿ ಮಡುವಿಗೆ ಹರಿಯುತ್ತಿತ್ತು. ಮುದಕವ್ವ ಜಗಳವಾಡಲಿಲ್ಲ. ಕೈಯಲ್ಲಿದ್ದ ದಪ್ಪ ಕೌದಿಯನ್ನು ಆ ನೀರಿಗೆ ಅಡ್ಡ ಹಾಸಿ ಅದರ ಮೇಲೆ ಚಕ್ಕಳಬಕ್ಕಳ ಹಾಕಿ ಕೂತುಬಿಟ್ಟಳು. ಅವಳನ್ನು ಎಬ್ಬಿಸಲು ಇಂಜಿನಿಯರೇ ಬರಬೇಕಾಯಿತು. ಆ ಕೌದಿ ಒಣಗಿದ ಮೇಲೆ ಸಿಮೆಂಟು ಹಿಡಿದು ಹಲಗೆಯಂತಾಯಿತು. ಕೆಂಚಪ್ಪನ ಮನೆಯ ಹಿತ್ತಲಿಗೆ ಈಗಲೂ ಅದೇ ಕದ.

ಆ ಇಂಜಿನಿಯರೇ ವಿಜಯಶ್ರೀ. ಮೂಡಲಗಿಯ ಮಗಳು, ಹುಕ್ಕೇರಿಯ ಸೊಸೆ, ಮದುವೆಯಾಗಿ ಒಂದು ವರ್ಷ. ತಲೆಗೆ ಹಳದಿ ಟೊಪ್ಪಿಗೆ, ಕಾಲಿಗೆ ಬೂಟು, ಕೈಯಲ್ಲಿ ಯಾವಾಗಲೂ ಒಂದು ಫೈಲು.

"ಆಯಿ, ನೀವ ಮೀನ ಹಿಡೀತೀರೇನ್ರಿ?" ಎಂದು ಕೇಳಿದಳು.

"ಇಲ್ರಿ ಬಾಯಾರ. ಅವು ನಮ್ಮನಿ ಹೆಣ್ಮಕ್ಕಳು. ಬಾಣಂತನಕ್ಕ ಬರ್ತಾವ," ಎಂದಳು ಮುದಕವ್ವ. ಮೂವತ್ತಾರು ವರ್ಷದ ಗುಟ್ಟು ಹೀಗೆ ಮೊದಲ ಸಲ ಹೊರಬಿತ್ತು. ವಿಜಯಶ್ರೀ ನಗಲಿಲ್ಲ. ಟೊಪ್ಪಿಗೆ ತೆಗೆದು ಪಕ್ಕದಲ್ಲೇ ಕಲ್ಲಿನ ಮೇಲೆ ಕೂತು ಎಲ್ಲ ಕೇಳಿಸಿಕೊಂಡಳು. ಮರುದಿನವೇ ದಂಡೆಯಿಂದ ದೂರ ದೊಡ್ಡ ಗುಂಡಿ ತೋಡಿಸಿ, ಯಂತ್ರ ತೊಳೆದ ನೀರು ಅಲ್ಲೇ ಇಂಗುವಂತೆ ಮಾಡಿಸಿದಳು. ಅವತ್ತಿನಿಂದ ಇಬ್ಬರಿಗೂ ದಿನಕ್ಕೊಮ್ಮೆ ಚಹಾ ಕೂಡಿಯೇ ಆಗಬೇಕು.

ಜೂನ್ ಬಂತು. ಯಂತ್ರಗಳು ಓಡಾಡಲು ಹೊಳೆಗೆ ಅಡ್ಡಲಾಗಿ ಮಣ್ಣಿನ ಒಡ್ಡು ಹಾಕಿದ್ದರು, ಎಡ ದಂಡೆಯ ಕಡೆ ಎರಡು ಚಕ್ಕಡಿ ಗಾಡಿಯಷ್ಟು ಅಗಲದ ಒಂದು ಕಿಂಡಿ ಮಾತ್ರ ತೆರೆದಿತ್ತು. ಮೀನು ಮೇಲೆ ಬರುವುದಾದರೆ ಅದೊಂದೇ ದಾರಿ. ನಾಲ್ಕನೆಯ ಕಂಬದ ಬುಡ ಇದ್ದದ್ದೂ ಅದೇ ಕಿಂಡಿಯ ಪಕ್ಕದಲ್ಲಿ. ದೊಡ್ಡ ಹೊಳೆ, ಅಂದರೆ ಮಹಾಪೂರ, ಬರುವ ಮೊದಲು ಆ ಬುಡ ನೀರಿನಿಂದ ಮೇಲೇಳಬೇಕು, ಇಲ್ಲದಿದ್ದರೆ ಸೇತುವೆ ಒಂದು ವರ್ಷ ಹಿಂದೆ ಬೀಳುತ್ತದೆ. ಗುತ್ತಿಗೆದಾರನ ಕಡೆಯ ಮುಕಾದಮ ದುಂಡಪ್ಪ ಸುಲಭದ ದಾರಿ ಕಂಡುಕೊಂಡಿದ್ದ. ಕಿಂಡಿಗೆ ಮಣ್ಣು ಸುರಿದು ಮುಚ್ಚುವುದು, ನೀರನ್ನು ಆಚೆ ಪೈಪುಗಳಲ್ಲಿ ಬಿಡುವುದು.

"ಪೈಪಿನ ಬಾಯಿ ಮೂರ ಫೂಟ ಮ್ಯಾಲ ಐತಿ ದುಂಡಪ್ಪನವರ, ನೀರ ರಭಸಲೇ ಬೀಳ್ತೈತಿ. ಮೀನ ಹೆಂಗ ಹತ್ತತಾವ?" ಎಂದು ವಿಜಯಶ್ರೀ ಕೇಳಿದಳು.

"ಮೊದಲ ಮೀನ ಎಲ್ಲಿ ಅದಾವ ತೋರಿಸ್ರಿ ಮೇಡಮ್ಮಾರ. ಹತ್ತೂ ಮಾತ ಆಮ್ಯಾಲ," ಎಂದ ದುಂಡಪ್ಪ. ಅವನೇನು ಕೆಟ್ಟವನಲ್ಲ, ಕಣ್ಣಿಗೆ ಕಾಣದ್ದನ್ನು ನಂಬುವ ಚಟವಿಲ್ಲದವನು.

ವಿಜಯಶ್ರೀಯ ಫೈಲಿನಲ್ಲಿ ಸರಕಾರದ ಆದೇಶದ ಒಂದು ಕಾಗದವಿತ್ತು. ಮೀನು ತತ್ತಿ ಇಡಲು ಏರಿ ಬರುವುದನ್ನು ಐವರು ಊರವರು ಕಣ್ಣಾರೆ ಕಂಡು ಪಂಚನಾಮೆಗೆ ಸಹಿ ಹಾಕಿದರೆ, ಮೀನು ಹಾಯುವ ದಾರಿಯನ್ನು ಆ ದಿನಗಳಲ್ಲಿ ಮುಚ್ಚುವಂತಿಲ್ಲ. ಆಗ ಕಂಬದ ಸುತ್ತ ಮಾತ್ರ ಮರಳಿನ ಚೀಲಗಳ ಕೋಟೆ ಕಟ್ಟಿ, ಒಳಗಿನ ನೀರೆತ್ತಿ ಕೆಲಸ ಮಾಡಬೇಕು. ಅದಕ್ಕೆ ಎಂಟುನೂರು ಚೀಲ ಬೇಕು. ದುಂಡಪ್ಪನ ಬಳಿ ಇದ್ದದ್ದು ಒಂಬತ್ತು ಮಂದಿ.

ಬುಧವಾರ ಬೆಳಿಗ್ಗೆ ಕೆಂಪು ನೀರು ಬಂತು. ದುಂಡಪ್ಪ ಶುಕ್ರವಾರ ಸಂಜೆಗೆ ಕಿಂಡಿ ಮುಚ್ಚುವುದೆಂದು ಗೆರೆ ಎಳೆದ. ಮುದಕವ್ವ ಬೆರಳು ಮಡಚಿ ಎಣಿಸಿದಳು. ಮೂರನೇ ದಿನವೆಂದರೆ ಅದೇ ಶುಕ್ರವಾರ. ಈ ಸಲ ದಾರಿ ಮುಚ್ಚಿದರೆ ಅವು ತತ್ತಿ ಹೊತ್ತುಕೊಂಡು ಒಡ್ಡಿಗೆ ಮೂತಿ ಬಡಿದು ತಿರುಗಿ ಹೋಗಬೇಕು. ಜಗತ್ತಿನಲ್ಲಿ ಅವಳನ್ನು ಒಳಗೆ ಕರೆದ ಕುಬಸವೆಂದರೆ ಅದೊಂದೇ. ಅದೂ ಮುಗಿಯಿತೆಂದು ನೆನೆದು ಅವಳು ಕೈಯಲ್ಲಿದ್ದ ಚಹಾ ಕೆಳಗಿಟ್ಟಳು.

"ಐದ ಮಂದಿ ಬೇಕ್ರಿ ಆಯಿ, ನಾಕ ಗಂಟೇಕ ಬಂದು ಕುಂತು ನೋಡೋರು," ಎಂದಳು ವಿಜಯಶ್ರೀ.

ಐದು ಮಂದಿ. ಮುದಕವ್ವನ ತಲೆಯಲ್ಲಿ ದೀಪ ಹತ್ತಿತು. ಐದು ಮಂದಿ ಎಂದರೆ ಇನ್ನೇನು, ಐದು ಮಂದಿ ಮುತ್ತೈದೆಯರು. ಅವಳು ಮನೆಗೆ ಓಡಿ, ಹೊಸ ಸೀರೆ ಉಟ್ಟು, ಕುಂಕುಮದ ಬಟ್ಟಲು ಹಿಡಿದು ಹೊರಬಿದ್ದಳು. ನಲವತ್ತು ವರ್ಷ ಬೇರೆಯವರು ಕರೆಯಲು ಬಂದದ್ದನ್ನು ನೋಡಿದ್ದೇ ಹೊರತು, ತಾನಾಗಿ ಒಂದು ಕಾರ್ಯಕ್ಕೆ ಕರೆದವಳಲ್ಲ. ಮೊದಲ ಮನೆ ಸಪ್ನಾಳದು, ಓಣಿಯ ಕುಬಸಗಳಿಗೆಲ್ಲ ಮುಂದಾಳು ಅವಳೇ. ಮುದಕವ್ವ ಅವಳ ಹಣೆಗೆ ಕುಂಕುಮವಿಟ್ಟು, "ಶುಕ್ರವಾರ ನಾಕ ಗಂಟೇಕ ಹೊಳಿ ದಂಡ್ಯಾಗ ಕುಬಸ ಐತಿ, ಬರಬೇಕವಾ," ಎಂದಳು. ಯಾರ ಕುಬಸವೆಂದು ಹೇಳಲಿಲ್ಲ. ಹೇಳಬಾರದು. ಕರೆಯುವಾಗ ಬಸುರಿಯ ಹೆಸರೆತ್ತಿದರೆ ದೃಷ್ಟಿಯಾಗುತ್ತದೆ, ಅದು ಪದ್ಧತಿ. ಮನುಷ್ಯರಿಗಾಗುವ ದೃಷ್ಟಿ ಮೀನಿಗೆ ಆಗುವುದಿಲ್ಲವೆಂದು ಹೇಳಿದವರಾರು?

ಐದು ಮನೆ ಮುಗಿದವು. ಕಾಲು ನಿಲ್ಲಲಿಲ್ಲ. ಎಲ್ಲರೂ ಚಾಪೆ ಹಾಸಿ ಕೂರಿಸಿ, ಸಕ್ಕರೆ ಕೊಟ್ಟು, ಸೆರಗು ಹಿಡಿದು ಕುಂಕುಮ ಹಚ್ಚಿಸಿಕೊಳ್ಳುವುದು ಅವಳಿಗೆ ಹೆಂಡ ಕುಡಿದಷ್ಟು ಅಮಲೇರಿಸಿತು. ಹನ್ನೊಂದು ಮನೆಯಾದವು, ಇಪ್ಪತ್ತಾದವು. ಗುರುವಾರ ಸಂಜೆಗೆ ನಲವತ್ತಮೂರು ಮನೆ ಕರೆದು, ಬಟ್ಟಲು ಬರಿದಾಗಿದ್ದರಿಂದ ನಿಂತಳು.

ಅವಳು ಅತ್ತ ಹೋದದ್ದೇ ಇತ್ತ ಓಣಿ ತಲೆ ಓಡಿಸಿತು. ಮುದಕವ್ವನಿಗೆ ಸೊಸೆಯಿಲ್ಲ, ಮಗಳಿಲ್ಲ. ಮತ್ತೆ ಕುಬಸ ಯಾರದು? ಹೊಳೆಯ ದಂಡೆಯಲ್ಲಿ ಹರೆಯದ ಹೆಣ್ಣು ಇರುವುದು ಒಬ್ಬಳೇ, ಸೇತುವೆಯ ಬಾಯಾರು. ಮದುವೆಯಾಗಿ ವರ್ಷವಾಗಿದೆ. ದಿನಾ ಮುದಕವ್ವನ ಜೊತೆ ಚಹಾ ಕುಡಿಯುತ್ತಾಳೆ. ಆ ದೊಗಳೆ ಜಾಕೀಟಿನೊಳಗೆ ಏಳು ತಿಂಗಳೇನು, ಒಂಬತ್ತು ತಿಂಗಳೂ ಗೊತ್ತಾಗುವುದಿಲ್ಲ. "ಪಾಪ, ಇಲ್ಲಿ ತನ್ನವರ ಅಂತ ಯಾರೂ ಇಲ್ಲ. ಅದಕ್ಕ ಮುದಕವ್ವ ಮುಂದ ನಿಂತು ಮಾಡಾಕತ್ತಾಳ," ಎಂದು ಸಪ್ನಾ ತೀರ್ಪು ಕೊಟ್ಟಳು. ಸುದ್ದಿ ಗುರುವಾರದ ಬಸ್ಸು ಹತ್ತಿ ಕಲ್ಲೋಳಿಗೆ ಹೋಯಿತು, ಅಲ್ಲಿಂದ ಫೋನು ಹತ್ತಿ ನೇರವಾಗಿ ಹುಕ್ಕೇರಿಯಲ್ಲಿ ವಿಜಯಶ್ರೀಯ ಅತ್ತೆ ಸಾತವ್ವನ ಕಿವಿಗೆ ಇಳಿಯಿತು.

ಶುಕ್ರವಾರ ನಾಲ್ಕು ಗಂಟೆ. ವಿಜಯಶ್ರೀ ಪಂಚನಾಮೆಯ ಕಾಗದ ಹಿಡಿದು ಐದು ಮಂದಿಗಾಗಿ ಕಾಯುತ್ತಿದ್ದಳು. ದಿಬ್ಬದ ಮೇಲಿನಿಂದ ಮೊದಲು ಕಂಡದ್ದು ಬುಟ್ಟಿ. ಆಮೇಲೆ ಬುಟ್ಟಿಯ ಕೆಳಗೆ ಹೆಂಗಸು. ಆಮೇಲೆ ಬುಟ್ಟಿಗಳ ಸಾಲು, ಚಕ್ಕಲಿ, ಕರ್ಚಿಕಾಯಿ, ಶೇಂಗಾ ಹೋಳಿಗೆ, ಬುತ್ತಿ. ಹಿಂದೆ ಗಂಡಸರು ಜಮಖಾನೆ ಹೊತ್ತು ಬಂದರು. ಇನ್ನೂರು ಮಂದಿಗೆ ಕಡಿಮೆಯಿಲ್ಲ. ಅಷ್ಟರಲ್ಲಿ ಧೂಳೆಬ್ಬಿಸಿಕೊಂಡು ಹುಕ್ಕೇರಿಯ ಕ್ರೂಸರ್ ಗಾಡಿ ಬಂದು ನಿಂತಿತು, ಅದರ ಬೆನ್ನಿಗೇ ಸಾತವ್ವನ ಫೋನಿಗೆ ಎದ್ದು ಬಂದ ಮೂಡಲಗಿಯ ತವರಿನವರ ಟಂಟಂ ರಿಕ್ಷಾ. ಕ್ರೂಸರಿನಿಂದ ಸಾತವ್ವ ಇಳಿದಳು, ಕೈಯಲ್ಲಿ ಹಸಿರು ಸೀರೆ, ಹಿಂದೆ ಹದಿನಾಲ್ಕು ಮಂದಿ ನೆಂಟರು ಮತ್ತು ಒಬ್ಬ ಬಳೆಗಾರ.

"ಅತ್ತೀ, ನೀವ ಇಲ್ಲಿ?" ಎಂದಳು ವಿಜಯಶ್ರೀ. ಟೊಪ್ಪಿಗೆ ಕೈಯಿಂದ ಜಾರಿ ಉರುಳಿತು.

"ನಾ ಇಲ್ಲೆ ಬರಬಾರದೇನವಾ? ಏಳ ತಿಂಗಳ ಆದರೂ ಮನಿ ಹಿರಿ ಮನಶಾಳಿಗೆ ಒಂದ ಮಾತ ಹೇಳಬೇಕ ಅನಸಲಿಲ್ಲೇನ? ಗಜಾನನ ಸುದ್ದಿ ಕೇಳಿ ಸಾಲ್ಯಾಗ ಎಲ್ಲಾ ಮಾಸ್ತರಿಗೂ ಪೇಡೆ ಹಂಚಿ ಬಂದಾನ."

ಗಜಾನನ ಅಂದರೆ ವಿಜಯಶ್ರೀಯ ಗಂಡ, ಹೈಸ್ಕೂಲು ಮಾಸ್ತರ. ವಿಜಯಶ್ರೀ 'ಅಲ್ರೀ ಅತ್ತೀ' ಅಂದದ್ದು ಆ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಮೂಡಲಗಿಯ ತಾಯಿ ಮಗಳ ಹೊಟ್ಟೆಯನ್ನೇ ದಿಟ್ಟಿಸುತ್ತ ಬೀಗಿತ್ತಿಯ ಮುಂದೆ ತಾನೂ ಏನೂ ಅರಿಯೆನೆಂದು ಆಣೆ ಹಾಕಿದಳು. ಬಳೆಗಾರ ಆಗಲೇ ಪೆಟ್ಟಿಗೆ ಬಿಚ್ಚಿ ಅಳತೆ ಕೇಳಿದ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ, ಅಂದು ಯಾರ ಕಾಲ ನಡೆದಿತ್ತೋ ಯಾರಿಗೂ ತಿಳಿಯಲಿಲ್ಲ.

ಮುದಕವ್ವನಿಗೆ ತಿಳಿಯಿತು. ಅವಳು ಜನರ ನಡುವೆ ಬಂದು ಕೈ ಮುಗಿದಳು. "ತಪ್ಪ ನಂದ್ರಿ. ಬಾಯಾರ ಬಸರ ಇಲ್ಲ. ಕುಬಸ ಮೀನಿಂದರಿ. ವರ್ಷಾ ಮಾಡತೀನಿ. ಪದ್ಧತಿ ಪ್ರಕಾರ ಹೆಸರ ಹೇಳಲಿಲ್ಲ."

ಯಾರೋ ಒಬ್ಬ ಮುದುಕ ಮೊದಲು ಕಿಸಕ್ಕೆಂದ. ಆಮೇಲೆ ಅದು ದಂಡೆಯುದ್ದಕ್ಕೂ ಹರಡಿ, ಬುಟ್ಟಿ ಹೊತ್ತವರು ಬುಟ್ಟಿ ಇಳಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಮುದಕವ್ವನಿಗೂ ನಗು ಬರುತ್ತಿತ್ತು, ತಡೆದುಕೊಂಡಳು. ಏಕೆಂದರೆ ಸಾತವ್ವ ನಗುತ್ತಿರಲಿಲ್ಲ. ಹಸಿರು ಸೀರೆಯನ್ನು ಕಂಕುಳಲ್ಲಿ ಒತ್ತಿ ಹಿಡಿದು, ಕಣ್ಣು ಕೆಂಪಗೆ ಮಾಡಿ ನಿಂತಿದ್ದಳು.

"ನಕ್ಕಿದ್ದ ಸಾಕ," ಎಂದ ದುಂಡಪ್ಪ ಒಡ್ಡಿನ ಮೇಲಿನಿಂದ. "ಐದ ಗಂಟೆ ಆತು. ಪರಸಪ್ಪಾ, ಗಾಡಿ ಚಾಲೂ ಮಾಡೋ."

ಪರಸಪ್ಪ ಮಣ್ಣು ತಳ್ಳುವ ಯಂತ್ರದ ಡ್ರೈವರ್. ಅವನು ಕೀಲಿ ತೆಗೆದು ಕಿಸೆಗೆ ಹಾಕಿಕೊಂಡ. "ಕುಬಸದ ಮುಂದ ಗಾಡಿ ಹಾಯಿಸೂದಿಲ್ರಿ ನಾ. ನಮ್ಮನಿಯಾಕಿಗೂ ಆರ ತಿಂಗಳ ನಡದಾವ."

ದುಂಡಪ್ಪ ಹಣೆ ಬಡಿದುಕೊಂಡ. ಸಪ್ನಾ ವೇಳೆ ನೋಡಿ, "ಬಂದದ್ದಂತೂ ಬಂದೀವಿ, ಉಡಿ ತುಂಬಿ ಹೋಗೂಣ," ಎಂದು ಐವರನ್ನು ಕಲ್ಲಿನ ಬಳಿ ಕರೆದಳು. ತಟ್ಟೆ ಎತ್ತಿ ಕೊಡುವ ಹೊತ್ತಿಗೆ ಮುದಕವ್ವ ಪಕ್ಕದಲ್ಲೇ ನಿಂತದ್ದು ಕಂಡು, ಇಪ್ಪತ್ತು ವರ್ಷದ ರೂಢಿಯ ನಾಲಿಗೆ ತಾನಾಗಿ ಹೊರಳಿತು. "ಮುದಕವ್ವಾ, ಒಲಿ ಮ್ಯಾಲ ಹಾಲ ಐತಿ, ಒಂಚೂರ..."

ಹೊಳೆಯ ದಂಡೆ. ಒಲೆ ಎಲ್ಲಿ, ಹಾಲು ಎಲ್ಲಿ. ಸಪ್ನಾಳ ಮಾತು ಅರ್ಧಕ್ಕೆ ನಿಂತಿತು. ಮುದಕವ್ವನ ಕಾಲು ಮಾತ್ರ, ಅದಕ್ಕೂ ರೂಢಿಯಲ್ಲವೇ, ಊರ ಕಡೆ ಎರಡು ಹೆಜ್ಜೆ ಹಾಕಿಯೇಬಿಟ್ಟಿತ್ತು.

"ನಿಂದರ್ರಿ," ಎಂದಳು ಸಾತವ್ವ. ಬಂದು ಮುದಕವ್ವನ ರಟ್ಟೆ ಹಿಡಿದಳು. ಅವಳ ದನಿ ಈಗ ಬೇರೆಯಾಗಿತ್ತು. "ಗಜಾನನ ಹುಟ್ಟೂಕಿಂತ ಮೊದಲ ಒಂಬತ್ತ ವರ್ಷ ನಾನೂ ಹಿಂಗ ಹೊರಗ ಹೋಗೀನ್ರಿ. ನಮ್ಮ ಓಣ್ಯಾಗ ಹಾಲಲ್ಲ. 'ಬಾಗಲದಾಗ ಯಾರೋ ಬಂದಾರ ನೋಡ' ಅಂತಿದ್ರು. ಒಂಬತ್ತ ವರ್ಷ ಬಾಗಲದಾಗ ಯಾರೂ ಬರಲಿಲ್ಲ." ಕಂಕುಳಲ್ಲಿದ್ದ ಹೊಸ ಹಸಿರು ಸೀರೆಯನ್ನು ಬಿಚ್ಚಿ ಕಲ್ಲಿಗೆ ಹೊದಿಸಿ, ಸಪ್ನಾಳ ಕೈಯಿಂದ ತಟ್ಟೆ ತೆಗೆದು ಮುದಕವ್ವನಿಗೆ ಕೊಟ್ಟಳು. "ಮೊದಲ ನೀವ ತುಂಬ್ರಿ. ಅವು ನಿಮ್ಮವು."

ಮುದಕವ್ವ ಮೊಣಕಾಲುದ್ದ ನೀರಿಗೆ ಇಳಿದು ಮೊದಲ ಹಿಡಿ ಮಾದಲಿ ಚೆಲ್ಲಿದಳು. ಏನೂ ಬರಲಿಲ್ಲ. ಎರಡನೇ ಹಿಡಿ. ಕೆಂಪು ನೀರು ಸುಮ್ಮನೆ ಹರಿಯಿತು. ಹಿಂದೆ ಹೆಂಗಸರು ಸೋಬಾನ ಎತ್ತಿದರು, ಅವಳಿಗೆ ಬರುವ ಎರಡು ಹಾಡಲ್ಲ, ಹುಕ್ಕೇರಿಯವು, ಮೂಡಲಗಿಯವು, ಅವಳು ಕೇಳದೇ ಇದ್ದವು. ಐದನೇ ಹಿಡಿಯೂ ಮುಗಿಯಿತು. ದುಂಡಪ್ಪ ಕೈಗಡಿಯಾರ ನೋಡಿದ. ಮುದಕವ್ವ ಅವನ ಕಡೆ ನೋಡಲಿಲ್ಲ, ಕಿಂಡಿಯನ್ನೇ ನೋಡುತ್ತಿದ್ದಳು, ಬರ್ರೆವಾ, ಇವತ್ತ ಒಂದಿನಾ ನನ್ನ ಮರ್ಯಾದಿ ಉಳಸ್ರಿ, ಎಂದು ಒಳಗೊಳಗೇ ಬೇಡಿಕೊಳ್ಳುತ್ತ.

ಪಳಕ್ಕನೆ ಒಂದು ಗೆಂಡೆ ನೀರಿನಿಂದ ಜಿಗಿದು, ಕಿಂಡಿಯ ಸೆಳವಿನ ಮೇಲೆ ಹಾರಿ, ಸಾತವ್ವನ ಸೀರೆಯ ನಿರಿಗೆಗೆ ನೀರು ಸಿಡಿಸಿ ಬಿತ್ತು. ಅದರ ಹಿಂದೆ ಇನ್ನೊಂದು. ಆಮೇಲೆ ಎಣಿಸುವುದು ಯಾರಿಂದಲೂ ಆಗಲಿಲ್ಲ. ಎರಡು ಚಕ್ಕಡಿ ಅಗಲದ ಕಿಂಡಿಯ ತುಂಬ ಬೆನ್ನುಗಳೇ, ರೆಕ್ಕೆಗಳೇ. ಊದಿದ ಹೊಟ್ಟೆ ಎಳೆದುಕೊಂಡು, ಒಂದನ್ನೊಂದು ನೂಕುತ್ತ, ಮುದಕವ್ವನ ಮೀನಖಂಡಕ್ಕೆ ಬಡಿಯುತ್ತ, ಹರಳಮಡುವಿಗೆ ನುಗ್ಗಿದವು. "ಅಬಬಬ, ಎಷ್ಟ ಮಂದಿ ಬಸರ್ಯಾರೋ ಯಪ್ಪಾ," ಎಂದು ಸಾತವ್ವ ಎರಡೂ ಕೈ ಕೆನ್ನೆಗಿಟ್ಟುಕೊಂಡಳು. ಮುದಕವ್ವನ ಹೊಟ್ಟೆ ಕುಣಿಯಿತು, ಹೆಗಲು ಕುಣಿಯಿತು, ಕಣ್ಣಲ್ಲಿ ನೀರು ಬಂತು. ಈ ಸಲ ಅದು ನಗುವೋ ಅಳುವೋ ಎಂದು ಕೆಂಚಪ್ಪನಿಗೂ ಗೊತ್ತಾಗಲಿಲ್ಲ.

ವಿಜಯಶ್ರೀ ಮೊಬೈಲಿನಲ್ಲಿ ಎಲ್ಲ ಹಿಡಿದಳು. ಐವರ ಸಹಿ ಬೇಕಿದ್ದ ಪಂಚನಾಮೆಗೆ ನೂರ ಹತ್ತು ಸಹಿ, ಹೆಬ್ಬೆಟ್ಟು ಬಿದ್ದವು. ಬಳೆಗಾರನೂ ಒಂದು ಹಾಕಿದ.

ದುಂಡಪ್ಪ ಕಿಂಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ. "ಮೀನ ಖರೆ ಅದಾವ, ಒಪ್ಪಿದ್ನಿ," ಎಂದ. "ದಾರಿ ಮುಚ್ಚೂದಿಲ್ಲ. ಆದ್ರ ಕಂಬದ್ದ ಏನ ಮಾಡ್ಲಿ? ಎಂಟನೂರ ಚೀಲ ಉಸಕ ತುಂಬಾಕ ನನ್ನ ಕಡೆ ಒಂಬತ್ತ ಮಂದಿ. ನಾಡದ ಹೊತ್ತಿಗೆ ಹೊಳಿ ಬಂದ್ರ ಬ್ರಿಜ್ ಹೋತು."

ಸಾತವ್ವ ಅವನನ್ನೂ, ದಂಡೆಯ ಮೇಲಿನ ಮರಳ ಗುಡ್ಡೆಯನ್ನೂ, ಹಿಂದಿನ ಇನ್ನೂರು ಮಂದಿಯನ್ನೂ ಒಂದು ಸುತ್ತು ನೋಡಿದಳು. ಕಚ್ಚೆ ಬಿಗಿದಳು. "ತುಂಬಾಕಂತ ಬಂದವರ ಅಲ್ಲೇನ್ರಿ ನಾವು? ಚೀಲ ತರ್ರಿ."

ಆಮೇಲಿನದನ್ನು ಮೇಲವಂಕಿಯವರು ಈಗಲೂ ಕೈ ಅಲ್ಲಾಡಿಸಿ ಹೇಳುತ್ತಾರೆ. ಹೊಸ ಇಳಕಲ್ಲ ಸೀರೆಯವರು ಚೀಲದ ಬಾಯಿ ಹಿಡಿದರು, ಕ್ರೂಸರಿನ ನೆಂಟರು ಬುಟ್ಟಿ ಖಾಲಿ ಮಾಡಿ ಅದರಲ್ಲೇ ಮರಳು ಹೊತ್ತರು, ಇಬ್ಬರು ಬೀಗಿತ್ತಿಯರು ಯಾರ ಚೀಲ ಹೆಚ್ಚೆಂದು ಪಂಥ ಕಟ್ಟಿದರು. ಪ್ರತಿ ಚೀಲಕ್ಕೂ ಯಾರೋ ಕುಂಕುಮ ಹಚ್ಚಿಬಿಡುತ್ತಿದ್ದರು. ಕೆಂಚಪ್ಪ ಚೀಲ ಹೊಲಿಯಲು ಕೂತು ದಬ್ಬಣದಿಂದ ತನ್ನ ಧೋತರವನ್ನೂ ಸೇರಿಸಿ ಹೊಲಿದುಕೊಂಡ. ಹೊತ್ತು ಮುಳುಗುವುದರೊಳಗೆ ಎಂಟುನೂರಾ ಮೂವತ್ತು ಚೀಲ ಕಂಬದ ಸುತ್ತ ಕೋಟೆಯಾಗಿ ನಿಂತವು. ಸಂಜೆಯೆಲ್ಲ ದುಂಡಪ್ಪನನ್ನು ಒಳಗೊಳಗೇ ಬೈದುಕೊಂಡಿದ್ದ ಹೆಂಗಸರೇ ಅವನಿಗೆ ಒಂದರ ಮೇಲೊಂದು ನಾಲ್ಕು ಹೋಳಿಗೆ ಬಡಿಸಿದರು.

ದೊಡ್ಡ ಹೊಳೆ ಬಂದದ್ದು ಹನ್ನೆರಡು ದಿನ ಬಿಟ್ಟು. ಅಷ್ಟರಲ್ಲಿ ಕಂಬ ನೀರಿನಿಂದ ಮೇಲೆದ್ದಿತ್ತು, ಹರಳಮಡುವಿನ ಅಂಚಿನಲ್ಲಿ ಸಾಸಿವೆಯಷ್ಟಷ್ಟು ಮರಿಗಳು ಗುಂಪುಗುಂಪಾಗಿ ಓಡಾಡುತ್ತಿದ್ದವು. ಊರವರು ಆ ನಾಲ್ಕನೆಯ ಕಂಬಕ್ಕೆ ಕುಬಸದ ಕಂಬ ಎಂದು ಹೆಸರಿಟ್ಟರು. ಮರುವರ್ಷ ಸೇತುವೆಯೂ ಮುಗಿದು, ಅದರ ಮೇಲೆ ಬಸ್ಸು ಓಡಾಡತೊಡಗಿತು. ಅವತ್ತು ಅರ್ಧಕ್ಕೆ ನಿಂತ ಮಾತಿನ ನೆನಪಿಗೆ ಸಪ್ನಾ ನಾಚಿಕೊಂಡಳೋ ಏನೋ, ಮುದಕವ್ವನನ್ನು ಹೋಳಿಗೆಗೆ ಕರೆಯುವುದನ್ನೇ ಕೆಲ ದಿನ ಬಿಟ್ಟಿದ್ದಳು. ಮುದಕವ್ವ ತಾನೇ ಹೋಗಿ ಲಟ್ಟಣಿಗೆ ಕಿತ್ತುಕೊಂಡಳು.

ಮೊನ್ನೆ ಒಂದು ಬೆಳಿಗ್ಗೆ ಅವಳು ಹಿತ್ತಲಲ್ಲಿ ಸಿಮೆಂಟಿನ ಕೌದಿ ಸರಿಸಿ ಪಾತ್ರೆ ತೊಳೆಯುತ್ತಿದ್ದಾಗ ಮುಂದಿನ ಕೋಣೆಯಿಂದ ಕೆಂಚಪ್ಪ ಕೂಗಿದ. "ಏ ಇಕಿನ, ಬಾಗಲದಾಗ ಯಾರೋ ಬಂದಾರ ನೋಡ."

ಬಾಗಿಲಲ್ಲಿ ಸಾತವ್ವ ನಿಂತಿದ್ದಳು, ಹುಕ್ಕೇರಿಯಿಂದ ಹೊಸ ಸೇತುವೆ ದಾಟಿ ಬಂದವಳು. ಕೈಯಲ್ಲಿ ಕುಂಕುಮದ ಬಟ್ಟಲು. ಮುದಕವ್ವನ ಒದ್ದೆ ಹಣೆ ಒರೆಸಿ ಕುಂಕುಮ ಇಟ್ಟು, "ಸೋಮವಾರ ನಮ್ಮನ್ಯಾಗ ಕುಬಸ ಐತಿ, ಬರ್ರಿ," ಎಂದಳು.

"ಯಾರದಂತ ಕೇಳಬಾರದು, ಗೊತ್ತೈತಿ," ಎಂದಳು ಮುದಕವ್ವ. "ಆದ್ರ ಈ ಸಲ ಕೇಳೂದ ಚಲೋ ಅನಸ್ತೈತ್ರಿ."

"ಎರಡ ಕಾಲಿಂದರಿ, ಖಾತ್ರಿ," ಎಂದು ಸಾತವ್ವ ನಕ್ಕಳು. "ವಿಜಯಶ್ರೀ ಹೇಳಿ ಕಳಸ್ಯಾಳ. ಮೊದಲ ಉಡಿ ನೀವ ತುಂಬಬೇಕಂತ. ನೀವ ಬರೂತನಕಾ ಆಕಿ ಎದ್ದ ಬಂದು ಕುಬಸದ ಪಾಟಿನ ಮ್ಯಾಲ ಕುಂಡ್ರೂದಿಲ್ಲಂತ."

ಮುದಕವ್ವ ನಗಲಿಲ್ಲ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಬಹಳ ಮೆತ್ತಗೆ ಕೇಳಿದಳು.

"ಮತ್ತ ಒಲಿ ಮ್ಯಾಲಿನ ಹಾಲ ಯಾರ ನೋಡತಾರ್ರಿ?"

"ಉಕ್ಕಲಿ ಬಿಡ್ರಿ," ಎಂದಳು ಸಾತವ್ವ.